ಎದುರು ಸೀಟಿನಲ್ಲಿ ಕುಳಿತವರು

ಮಾನ್ಯರೇ,

ಅಮೆರಿಕದ ಲೇಖಕ ಪಾಲ್ ಥರೂ ಅವರ ರೈಲು ಪ್ರವಾಸದ ಕಥನ ‘ದಿ ಗ್ರೇಟ್ ರೈಲ್ವೇ ಬಜಾರ್’ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಮೆಚ್ಚುಗೆಯ ಟಿಪ್ಪಣಿಯನ್ನು ಓದಿ ಉಡುಪಿಯಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಈ ಲೇಖಕರು ಊರುಗಳನ್ನು ಸರಿಯಾಗಿ ನೋಡದೆಯೇ ತೀರ್ಪು ಕೊಡುತ್ತಾರೆ, ಸಹಪ್ರಯಾಣಿಕರನ್ನು ಕೀಳಾಗಿ ಕಾಣುತ್ತಾರೆ, ಇಂಥ ಪುಸ್ತಕವನ್ನು ಮೇರುಕೃತಿ ಎನ್ನುವುದು ಸಲ್ಲದು ಎಂಬುದು ನಿಮ್ಮ ಆಕ್ಷೇಪ. ಮತ್ಸ್ಯಗಂಧ ರೈಲಿನಲ್ಲಿ ಮುಂಬಯಿಗೆ, ನಿಮ್ಮ ಅಕ್ಕನ ಮನೆಗೆ ಹೊರಡುವ ನಿಮ್ಮ ತಾಯಿಯವರು ಕತ್ತದ ಹಗ್ಗ ಬಿಗಿದು ಸೀಟಿನಡಿ ಇಡುವ ಹಲಸಿನ ಹಪ್ಪಳದ ಡಬ್ಬವನ್ನು ಕಂಡಿದ್ದರೆ ಇವರು ಏನು ಬರೆಯುತ್ತಿದ್ದರು ಎಂದೂ ಕೇಳಿದ್ದೀರಿ. ಆ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು.

ಊರುಗಳ ವಿಷಯದಲ್ಲಿ ನಿಮ್ಮ ಮಾತನ್ನು ನಾನು ಒಪ್ಪಲಾರೆ. 1973ರಲ್ಲಿ ಲಂಡನ್ನಿನಿಂದ ಹೊರಟು, ಟರ್ಕಿ, ಇರಾನ್, ಭಾರತಗಳನ್ನು ಹಾದು ಜಪಾನನ್ನು ತಲುಪಿ, ಟ್ರಾನ್ಸ್-ಸೈಬೀರಿಯನ್ ರೈಲಿನಲ್ಲಿ ಹಿಂದಿರುಗಿದ ಆ ಪ್ರಯಾಣದ ಕಥನ 1975ರಲ್ಲಿ ಪುಸ್ತಕವಾಗಿ ಬಂದಿತು. ಅದರ ಅಧ್ಯಾಯಗಳಿಗೆ ಇರುವುದು ರೈಲುಗಳ ಹೆಸರು: ಫ್ರಾಂಟಿಯರ್ ಮೇಲ್, ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್, ರಾಮೇಶ್ವರದ ಲೋಕಲ್. ಬೋಗಿಯೇ ಇಲ್ಲಿ ಊರು, ಎದುರು ಸೀಟಿನಲ್ಲಿ ಕುಳಿತವರೇ ಅದರ ನಿವಾಸಿಗಳು. ದೇವಸ್ಥಾನ, ಕೋಟೆಗಳ ವರ್ಣನೆ ಬೇಕಾದವರಿಗೆ ಬೇರೆ ಪುಸ್ತಕಗಳು ಬೇಕಾದಷ್ಟಿವೆ. ನಮ್ಮ ಕರಾವಳಿಯಂತೂ ಆ ದಾರಿಯಲ್ಲಿ ಬರುವಂತೆಯೇ ಇರಲಿಲ್ಲ. ಆಗ ಮಂಗಳೂರಿನಿಂದ ಬಡಗಣಕ್ಕೆ ಹಳಿಯೇ ಇರಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ತೆರೆದುಕೊಂಡ 1998ರವರೆಗೆ ಮುಂಬಯಿಗೆ ಹೋಗಬೇಕಾದ ನಮ್ಮವರು ಹೆಚ್ಚಾಗಿ ಘಟ್ಟ ಹತ್ತಿ ಬಸ್ಸಿನಲ್ಲಿ ಹೋಗುತ್ತಿದ್ದರು, ಇಲ್ಲವೇ ಕೇರಳದ ಕಡೆಯಿಂದ ಸುತ್ತು ಬಳಸಿ ರೈಲಿನಲ್ಲಿ ಹೋಗುತ್ತಿದ್ದರು.

ಆದರೆ ಕೀಳಾಗಿ ಕಾಣುತ್ತಾರೆ ಎಂಬ ನಿಮ್ಮ ಮಾತು ನಿಜ. ಪುಸ್ತಕದ ಆರಂಭದಲ್ಲೇ ಬರುವ ಡಫಿಲ್ ಎಂಬ ವೃದ್ಧರನ್ನು ನೆನಪಿಸಿಕೊಳ್ಳಿ. ಅಳತೆಗೆ ಮೀರಿದ ಬಟ್ಟೆ, ಕಾಗದ ಸುತ್ತಿದ ಕಟ್ಟುಗಳು, ಹೆಚ್ಚು ಮಾತಿಲ್ಲ. ಇಟಲಿಯ ಗಡಿಯಲ್ಲಿರುವ ಡೊಮೊಡೊಸೊಲಾ ನಿಲ್ದಾಣದಲ್ಲಿ ತಿನ್ನಲು ಏನಾದರೂ ಕೊಳ್ಳೋಣವೆಂದು ಅವರು ಇಳಿಯುತ್ತಾರೆ, ರೈಲು ಹೊರಟುಬಿಡುತ್ತದೆ, ಕಟ್ಟುಗಳು ಬೋಗಿಯಲ್ಲೇ ಉಳಿಯುತ್ತವೆ. ಮುಂದೆ ಆ ಹೆಸರೇ, ರೈಲು ತಪ್ಪಿ ಹಿಂದೆ ಉಳಿಯುವುದಕ್ಕೆ ಒಂದು ತಮಾಷೆಯ ಕ್ರಿಯಾಪದವಾಗುತ್ತದೆ. ಮೊದಲ ಓದಿನಲ್ಲಿ ನಾನೂ ನಕ್ಕಿದ್ದೆ. ನಿಮ್ಮ ಪತ್ರ ಬಂದ ಮೇಲೆ ಆ ಪುಟಗಳನ್ನು ತೆರೆದಾಗ ನಗಲಾಗಲಿಲ್ಲ. ವಾರಸುದಾರರಿಲ್ಲದೆ ಸೀಟಿನ ಮೇಲಿದ್ದ ಆ ಕಟ್ಟುಗಳೇ ಕಣ್ಣಿಗೆ ಕಟ್ಟಿದವು.

ಆ ಪ್ರಯಾಣದ ಕಾಲದಲ್ಲಿ ತಮ್ಮ ದಾಂಪತ್ಯ ಮುರಿಯುವ ಹಂತದಲ್ಲಿತ್ತೆಂದು, ಅದೇ ದಾರಿಯನ್ನು ಮತ್ತೆ ಹಿಡಿದು 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಥರೂ ಬರೆದಿದ್ದಾರೆ. ಅವರ ಕಟುತನಕ್ಕೆ ಈ ನೋವೇ ಸಮಜಾಯಿಷಿ ಎಂದು ಮಂಗಳೂರಿನ ನಿವೃತ್ತ ರೈಲ್ವೆ ನೌಕರರೊಬ್ಬರು ನಮಗೆ ಬರೆದಿದ್ದಾರೆ. ಸೈಬೀರಿಯದ ಅಧ್ಯಾಯದಲ್ಲಿ ಕವಿಯುವ ಮಂಕು ಇದರಿಂದ ಅರ್ಥವಾಗುತ್ತದೆ, ನಿಜ. ಆದರೆ ಲೇಖಕನ ಮನೆಯ ದುಃಖಕ್ಕೆ ದಾರಿಯಲ್ಲಿ ಸಿಕ್ಕವರು ಬೆಲೆ ತೆರಬೇಕಾಗಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಬ್ರಿಟನ್ನಿನ ಕರಾವಳಿಯನ್ನು ಸುತ್ತಿ ಬರೆದು 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಥರೂ ಅದೇ ಡಫಿಲ್‌ರ ಊರನ್ನು ಹುಡುಕಿಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಡಫಿಲ್ ತೀರಿಕೊಂಡಿರುತ್ತಾರೆ. ಬೋಗಿಯಲ್ಲಿ ನಗೆಪಾಟಲಾಗಿ ಕಂಡ ಮನುಷ್ಯನ ಬದುಕು ಎಷ್ಟು ದೊಡ್ಡದಿತ್ತು ಎಂಬುದು ಅವರ ಸಂಬಂಧಿಕರ ಬಾಯಿಂದ ತಿಳಿಯುತ್ತದೆ.

ನಿಮ್ಮ ತಾಯಿಯವರ ಡಬ್ಬ ಕಂಡಿದ್ದರೆ 1973ರ ಥರೂ ಆ ಕತ್ತದ ಹಗ್ಗದ ಒಂದೊಂದು ಗಂಟನ್ನೂ ನಮ್ಮ ಕಣ್ಣಮುಂದೆ ನಿಲ್ಲಿಸುತ್ತಿದ್ದರು. ಹಪ್ಪಳ ಯಾರಿಗೆ ಎಂದು ಮಾತ್ರ ಕೇಳುತ್ತಿರಲಿಲ್ಲ. ನೋಡುವ ಆ ಕಣ್ಣಿಗಾಗಿ, ಮಾತನ್ನು ಹಿಡಿದಿಡುವ ಆ ಕಿವಿಗಾಗಿ, ಮೇರುಕೃತಿ ಎಂಬ ಮಾತನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಯ ಬಗ್ಗೆ ನಮ್ಮ ಟಿಪ್ಪಣಿಯಲ್ಲಿ ಒಂದು ಸಾಲೂ ಇರಲಿಲ್ಲ. ಅದು ನಮ್ಮ ತಪ್ಪು. ನಿಮ್ಮ ಪತ್ರವನ್ನು ಒಂದು ಪದವನ್ನೂ ಬಿಡದೆ ಈ ಉತ್ತರದ ಎದುರು ಪುಟದಲ್ಲಿ ಅಚ್ಚು ಹಾಕಿದ್ದೇವೆ.

ಸಂಪಾದಕ
ಮಂಗಳೂರು