ರಿಫೈನ್ಡ್ ಎಣ್ಣೆಯ ಬಣ್ಣ ತೆಗೆಯೋದು ಹೇಗೆ? ಬ್ಲೀಚ್ ಹಾಕ್ತಾರಾ?

ಇಲ್ಲ, ಬಟ್ಟೆಗೆ ಹಾಕುವ ಬ್ಲೀಚ್ ಅಲ್ಲ. ಬಣ್ಣ ತೆಗೆಯುವುದು ಒಂದು ಬಗೆಯ ಜೇಡಿಮಣ್ಣು. ಈ ಹಂತಕ್ಕೆ ‘ಬ್ಲೀಚಿಂಗ್’ ಅನ್ನೋ ಹೆಸರಿರುವುದರಿಂದ ತುಂಬಾ ಜನ ಸುಮ್ನೆ ಹೆದರುತ್ತಾರೆ.

ಎಣ್ಣೆಯ ಹಳದಿ, ಕೆಂಪು ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು, ಹಸಿರು ಕ್ಲೋರೊಫಿಲ್‌ನದ್ದು. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಮೊದಲೇ ಆಮ್ಲದಲ್ಲಿ ಹದ ಮಾಡಿರುತ್ತಾರೆ. ಆಗ ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಾಗುತ್ತವೆ. ಒಂದೇ ಗ್ರಾಂ ಮಣ್ಣಿನ ಒಳಮೈ ಹರಡಿದರೆ 200 ಚದರ ಮೀಟರ್ ದಾಟಬಹುದು! ಬಣ್ಣದ ಕಣಗಳು ಆ ಮೈಗೆ ಅಂಟಿಕೊಳ್ಳುತ್ತವೆ, ಎಣ್ಣೆ ಅಷ್ಟಾಗಿ ಅಂಟುವುದಿಲ್ಲ. ಇಡೀ ಕೆಲಸದ ಗುಟ್ಟು ಇಷ್ಟೇ.

ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಎಣ್ಣೆಗೆ ಸಾಮಾನ್ಯವಾಗಿ ಶೇ. 1ರ ಆಸುಪಾಸು ಮಣ್ಣು ಬೆರೆಸಿ, ಅರ್ಧ ಗಂಟೆ ಕಲಕಿ, ಸೋಸುತ್ತಾರೆ. ಪಾತ್ರೆಯೊಳಗಿನ ಗಾಳಿಯನ್ನು ಮೊದಲೇ ಹೊರಗೆ ಎಳೆದಿರುತ್ತಾರೆ. ಬಿಸಿ ಮಣ್ಣಿನ ಜೊತೆ ಗಾಳಿಯೂ ಸೇರಿದರೆ ಎಣ್ಣೆ ಬೇಗ ಕೆಡುತ್ತದೆ, ಅದಕ್ಕೇ.

ಇದು ಬರೀ ಅಂದಕ್ಕೆ ಅಂದುಕೊಳ್ಳಬೇಡಿ. ಕ್ಲೋರೊಫಿಲ್ ಉಳಿದರೆ ಬೆಳಕು ಬಿದ್ದಾಗ ಎಣ್ಣೆ ಬೇಗ ಕಮಟಾಗುತ್ತದೆ. ಶುದ್ಧೀಕರಣದ ಹಿಂದಿನ ಹಂತದಿಂದ ಎಣ್ಣೆಯಲ್ಲಿ ಉಳಿದುಕೊಂಡ ಸೋಪಿನ ಅಂಶ, ಲೋಹದ ಅಂಶಗಳನ್ನೂ ಮಣ್ಣು ಹಿಡಿದುಕೊಳ್ಳುತ್ತದೆ. ನಷ್ಟವೂ ಇದೆ: ಬಣ್ಣದ ಜೊತೆ ಬೀಟಾ ಕ್ಯಾರೊಟಿನ್ ಕೂಡ ಹೋಗುತ್ತದೆ, ಅದರಿಂದಲೇ ಅಲ್ವಾ ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳೋದು.