ಕೇಳಿಸುತ್ತೆ, ಆದರೆ ತಿಳಿಯಲ್ಲ

(ಗದಗ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಶಿಕ್ಷಕಿಯ ಪತ್ರ. ನಾಲ್ಕನೇ ತರಗತಿಯ ಹುಡುಗ ಆಟದಲ್ಲಿ ಚುರುಕು, ಬಾಯಿಲೆಕ್ಕ ಪಟಪಟ ಹೇಳುತ್ತಾನೆ. ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ ಸುಮ್ಮನೆ ಕೂರುತ್ತಾನೆ. ಮೂರು ಕೆಲಸ ಹೇಳಿದರೆ ಒಂದು ಮಾಡುತ್ತಾನೆ. ಕಿವಿ ಪರೀಕ್ಷೆ ಆಗಿದೆ, ತೊಂದರೆ ಇಲ್ಲ. ಮನೆಮಾತು ಲಂಬಾಣಿ. ‘ಮನೆಯಲ್ಲೂ ಕನ್ನಡವನ್ನೇ ಆಡಿ ಅಂತ ಅವನ ತಾಯಿಗೆ ಹೇಳಲೇ?’)

ಟೀಚರ್, ದಯವಿಟ್ಟು ಹಾಗೆ ಹೇಳಬೇಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಈ ತೊಂದರೆ ಬರುವುದಿಲ್ಲ, ಒಂದನ್ನು ಬಿಡಿಸಿದರೆ ಹೋಗುವುದೂ ಇಲ್ಲ. ಹುಡುಗನಿಗೆ ಅಜ್ಜಿಯ ಜೊತೆಗಿನ ಮಾತು ತಪ್ಪುತ್ತೆ, ಅಷ್ಟೇ. ಬದಲಿಗೆ ತಾಯಿಗೆ ಇದನ್ನು ಕೇಳಿ: ಲಂಬಾಣಿಯಲ್ಲಿ ಹೇಗೆ ಮಾತಾಡುತ್ತಾನೆ? ಅವನ ಅಕ್ಕ, ತಮ್ಮ ಇದೇ ವಯಸ್ಸಿನಲ್ಲಿ ಹೇಗಿದ್ದರು? ಅಲ್ಲಿ ಸರಾಗ, ಇಲ್ಲಿ ತಡವರಿಕೆ ಅಂದರೆ ಕನ್ನಡ ಇನ್ನೂ ರೂಢಿಯಾಗಿಲ್ಲ. ಎರಡರಲ್ಲೂ ತಡವರಿಸುತ್ತಾನೆ ಅಂದರೆ ಡಿಎಲ್‌ಡಿ, ಅಂದರೆ ಬೆಳವಣಿಗೆಯ ಭಾಷಾ ತೊಂದರೆ ಇರಬಹುದು. ಪತ್ರ ಓದಿ ಹೆಸರು ಹಚ್ಚುವ ಕೆಲಸ ನನ್ನದಲ್ಲ. ಆದರೆ ಇದು ಅಪರೂಪದ್ದೇನಲ್ಲ. ಇಂಗ್ಲೆಂಡಿನಲ್ಲಿ ಶಾಲೆಗೆ ಆಗಷ್ಟೇ ಸೇರಿದ ಮಕ್ಕಳನ್ನು ನೋಡಿದಾಗ ನೂರಕ್ಕೆ ಸುಮಾರು 7 ಮಕ್ಕಳಲ್ಲಿ ಕಂಡಿತ್ತು. ನಮ್ಮಲ್ಲಿ ಇಂಥವರನ್ನು ‘ಮಂದ’, ‘ಲಕ್ಷ್ಯ ಇಲ್ಲ’ ಅಂತ ಹಿಂದಿನ ಬೆಂಚಿಗೆ ಕಳಿಸಿಬಿಡುತ್ತೇವೆ.

ಈಗ ತರಗತಿಯಲ್ಲಿ ನೀವಾಡುವ ಮಾತಿಗೇ ಬರೋಣ. ‘ಉತ್ತರ ಬರಿಯೋ ಮೊದಲು ಪಾಠ ಎರಡು ಸಲ ಓದ್ರಿ’ ಅಂತೀರಿ. ಅವನ ಕಿವಿಗೆ ಮೊದಲು ಬೀಳೋದು ‘ಬರಿ’. ಪೆನ್ಸಿಲ್ ತಗೊಂಡುಬಿಡುತ್ತಾನೆ, ಬೈಸಿಕೊಳ್ಳುತ್ತಾನೆ. ಮಾಡುವ ಕ್ರಮದಲ್ಲೇ ಹೇಳಿ ನೋಡಿ: ‘ಪಾಠ ಓದು.’ ಓದಲಿ. ‘ಇನ್ನೊಮ್ಮೆ ಓದು.’ ಆಮೇಲೆ ‘ಈಗ ಬರಿ.’ ವಾಕ್ಯದ ಲೆಕ್ಕವೂ ಹೀಗೇ. ‘ತಂಗಿಗೆ ಕೆಲವು ಪೇರಲ ಕೊಟ್ಟ ಮೇಲೆ 12ರಲ್ಲಿ 7 ಉಳಿದರೆ ಕೊಟ್ಟದ್ದೆಷ್ಟು?’ ಇದರಲ್ಲಿ ಅವನು ಸೋಲುವುದು ಕಳೆಯುವುದರಲ್ಲಲ್ಲ, ವಾಕ್ಯದಲ್ಲಿ. 12 ಬೀಜ ಮೇಜಿನ ಮೇಲಿಡಿ, ವಾಕ್ಯವನ್ನು ಮೂರು ತುಂಡು ಮಾಡಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಕಷ್ಟ, ಗೊತ್ತು. ಉಳಿದ ಮಕ್ಕಳು ‘ನಾ ಹೇಳ್ತೀನ್ರಿ’ ಅಂತ ಎದ್ದು ನಿಂತಿರುತ್ತಾರೆ. ಅವನು ‘ನಿನ್ನಿ ಸಂತಿಗೆ ಹೋಗ್ತೀನ್ರಿ’ ಅಂದರೆ ತಿದ್ದಿ ಹತ್ತು ಸಲ ಹೇಳಿಸಬೇಡಿ. ‘ಹೌದಾ, ನಿನ್ನಿ ಸಂತಿಗೆ ಹೋಗಿದ್ಯಾ? ಏನೇನ್ ತಂದ್ರಿ?’ ಅನ್ನಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ನಾಳೆಯ ಪಾಠದ ನಾಲ್ಕೈದು ಹೊಸ ಪದಗಳನ್ನು ಇವತ್ತೇ ಚಿತ್ರ ತೋರಿಸಿ ಪರಿಚಯ ಮಾಡಿಸಿ.

ತಪಾಸಣೆಗೆ ಧಾರವಾಡದ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಬಿಇಒ ಕಚೇರಿಯ ಮೂಲಕ ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೂ ತಿಳಿಸಿ. ಅಂಗವೈಕಲ್ಯ ಪ್ರಮಾಣಪತ್ರದ ದಾರಿ ಮಾತ್ರ ಸುಲಭ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಡಿಎಲ್‌ಡಿ ಎಂಬ ಹೆಸರು ಅವುಗಳಲ್ಲಿಲ್ಲ. ಅದಕ್ಕಾಗಿ ಕಾಯಬೇಡಿ. ಮುಂದಿನ ಎಫ್‌ಎ (ಶಾಲೆಯಲ್ಲೇ ನಡೆಸುವ ಕಿರು) ಪರೀಕ್ಷೆಯಲ್ಲಿ ಪ್ರಶ್ನೆ ನೀವೇ ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ. ಅದಕ್ಕೆ ಮೊದಲು ಮುಖ್ಯ ಶಿಕ್ಷಕರ ಒಪ್ಪಿಗೆ ಕೇಳಿ.