ರೈಟ್ ರೈಟ್! ಹಳೇ ಕಂಡಕ್ಟರ್‌ಗೆ ನಿಮ್ಮ ಪ್ರಶ್ನೆಗಳು

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ 32 ವರ್ಷ ಟಿಕೆಟ್ ಕೊಟ್ಟವನು ನಾನು. ಈಗ ಹನುಮಂತನಗರದ ಮನೆಯ ಜಗಲಿಯಲ್ಲಿ ಕೂತು ನಿಮ್ಮ ಪತ್ರ ಬಿಡಿಸುತ್ತೇನೆ. ಈ ಸಲ ಸಂಪಾದಕರು ವಿಷಯ ಕೊಟ್ಟಿದ್ದರು: ಊರಿನ ಸಣ್ಣಪುಟ್ಟ ಖುಷಿಗಳು. ಖುಷಿ ಬಗ್ಗೆ ಕೇಳಿ ಅಂದರೆ ಅರ್ಧ ಜನ ದೂರು ಬರೆದಿದ್ದೀರಿ. ಇರಲಿ, ಬಸ್ಸಿನಲ್ಲೂ ಹಾಗೇ ಇತ್ತು.

ಪ್ರಶ್ನೆ: ದಿನಾ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಸೀಟು ಯಾವುದು?

ಎಡಗಡೆ ಕಿಟಕಿ, ಸ್ವಾಮಿ. ನಿಮಗಂತೂ ಅದೇ. ಬೆಳಿಗ್ಗೆ ಉತ್ತರಕ್ಕೆ ಹೋಗುತ್ತೀರಿ, ಸೂರ್ಯ ಬಲಗಡೆ. ಸಂಜೆ ದಕ್ಷಿಣಕ್ಕೆ ಬರುತ್ತೀರಿ, ಅಷ್ಟು ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ಅಂದರೆ ಮತ್ತೆ ಬಲಗಡೆಯೇ. ಎರಡು ಹೊತ್ತೂ ನಿಮಗೆ ಎಡಗಡೆ ನೆರಳು. ಯಲಹಂಕದಿಂದ ಬರುವವರಿಗೆ ಇದು ಪೂರ್ತಿ ಉಲ್ಟಾ. ಪಾಪ, ಎಡಗಡೆ ಕೂತರೆ ಹೋಗುವಾಗಲೂ ಸುಡುತ್ತದೆ, ಬರುವಾಗಲೂ ಸುಡುತ್ತದೆ. ಅವರು ಡಿಸೆಂಬರ್, ಜನವರಿಯಲ್ಲಿ ಮಾತ್ರ ಎಡಕ್ಕೆ ಕೂರಲಿ. ಆ ಚಳಿಯಲ್ಲಿ ಬೆಳಗಿನ ಬಿಸಿಲು ಮೊಣಕೈ ಮೇಲೆ ಬಿದ್ದರೆ ಅದರ ಸುಖಾನೇ ಬೇರೆ.

ಚಕ್ರದ ಮೇಲಿನ ಸೀಟು ಬೇಡ, ಮಂಡಿ ಗಲ್ಲಕ್ಕೆ ತಾಗುತ್ತದೆ. ಕೊನೇ ಸಾಲೂ ಬೇಡ, ಹಂಪ್ ಬಂದರೆ ನೀವು ಮೇಲೆ, ನಿಮ್ಮ ಚೀಲ ಕೆಳಗೆ.

ಎಡಗಡೆ ಅನ್ನುವುದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಬಲಗಡೆ ಕೂತರೆ ಕಾಣುವುದು ಡಿವೈಡರ್ ಮತ್ತು ಪಕ್ಕದ ಬಸ್ಸಿನವರ ಮುಖ. ಎಡಗಡೆ ಫುಟ್‌ಪಾತ್ ಇದೆ. ಬಸ್ಸಿನ ಕಿಟಕಿ ಕಾಂಪೌಂಡ್ ಗೋಡೆಗಿಂತ ಎತ್ತರ. ಸಿಗ್ನಲ್‌ನಲ್ಲಿ ನಿಂತಾಗ ಯಾರದೋ ಮನೆ ಹಿತ್ತಲಲ್ಲಿ ಕರಿಬೇವು ಎಷ್ಟು ಎತ್ತರ ಬೆಳೆದಿದೆ ಅಂತ ಕಾಣುತ್ತದೆ. ಸೊಪ್ಪಿನವಳು ಕಟ್ಟಿನ ಮೇಲೆ ನೀರು ಚಿಮುಕಿಸುವುದು, ಸಲೂನಿನ ಕನ್ನಡಿಯಲ್ಲಿ ಅರ್ಧ ಗಡ್ಡದ ಮನುಷ್ಯ ನಮ್ಮನ್ನೇ ನೋಡುವುದು, ಎಲ್ಲಾ ಸಿಗುತ್ತದೆ. ಒಂದು ನಿಜ ಹೇಳಲಾ? 32 ವರ್ಷ ನಾನು ಇದ್ಯಾವುದನ್ನೂ ನೋಡಿರಲಿಲ್ಲ. ಆಗ ಕಂಡದ್ದು ಬರೀ ಕೈಗಳು. ನೋಟು ಹಿಡಿದ ಕೈ, ಪಾಸ್ ಹಿಡಿದ ಕೈ, ಕಂಬಿ ಹಿಡಿದ ಕೈ. ರಿಟೈರ್ ಆದ ಮೇಲೆ ಒಂದು ದಿನ ಕೆಲಸವಿಲ್ಲದೆ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಓಹೋ, ನಾನು ಹೋಗಿ ಬರುತ್ತಿದ್ದ ರೋಡು ಇದೇನಾ ಅನ್ನಿಸಿತು.

ಪ್ರಶ್ನೆ: ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೂ ಖುಷಿಯಾಗಿರಲು ಸಾಧ್ಯವೇ?

ಸ್ಟಿಯರಿಂಗ್ ಬೇರೆಯವರ ಕೈಯಲ್ಲಿದ್ದರೆ ಸಾಧ್ಯ.

ಪ್ರಶ್ನೆ: ಧಾರವಾಡದಿಂದ ಬಂದು ಆರು ತಿಂಗಳಾಯಿತು. ಬರೀ ಸಿಮೆಂಟು ಕಾಣುತ್ತಿದೆ. ಈ ಊರಿನಲ್ಲಿ ದುಡ್ಡಿಲ್ಲದೆ ನೋಡುವಂಥದ್ದು ಏನಿದೆ?

ತಲೆ ಎತ್ತಿ ನೋಡಿ ತಮ್ಮಾ. ಇಲ್ಲಿ ಕ್ಯಾಲೆಂಡರ್ ಮರದ ಮೇಲಿದೆ. ಜನವರಿ ಸುಮಾರಿಗೆ ಜಯನಗರದ ರಸ್ತೆಗಳಲ್ಲಿ, ಕಬ್ಬನ್ ಪಾರ್ಕಿನಲ್ಲಿ ಗುಲಾಬಿ ಬಣ್ಣದ ಟಬೆಬೂಯಾ ಬಿಡುತ್ತದೆ. ಅದಾದ ಮೇಲೆ ಹಳದಿ ಟಬೆಬೂಯಾ. ಮಾರ್ಚ್ ಹೊತ್ತಿಗೆ ನೇರಳೆ ಬಣ್ಣದ ಜಕರಾಂಡ. ಹೊಂಗೆ ಹೂವು ಉದುರಿದರೆ ಫುಟ್‌ಪಾತ್ ಮೇಲೆ ಯಾರೋ ಪುರಿ ಚೆಲ್ಲಿದ ಹಾಗಿರುತ್ತದೆ. ಬೇಸಿಗೆ ಏರಿದಾಗ ಗುಲ್‌ಮೊಹರ್ ಕೆಂಪು. ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶಮಲ್ಲಿಗೆ. ಬೆಳಿಗ್ಗೆ ಎದ್ದರೆ ಉದ್ದ ತೊಟ್ಟಿನ ಬಿಳಿ ಹೂವು ಸ್ಕೂಟರ್ ಸೀಟಿನ ಮೇಲೆಲ್ಲ.

ಹೀಗೆ ಒಂದಾದ ಮೇಲೊಂದು ಹೂ ಬಿಡುವುದು ಸುಮ್ನೆ ಆದದ್ದಲ್ಲ. ಜರ್ಮನಿಯಿಂದ ಬಂದು ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್ ಅನ್ನುವವರು, ವರ್ಷದ ಯಾವ ತಿಂಗಳೂ ಹೂವಿಲ್ಲದೆ ಇರಬಾರದು ಅಂತ ಲೆಕ್ಕ ಹಾಕಿ ಮರಗಳನ್ನು ಆರಿಸಿದರು. ಆಮೇಲೆ 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಊರಿನ ತುಂಬ ಸುಮಾರು 15 ಲಕ್ಷ ಗಿಡ ನೆಟ್ಟರು. ನಾನು ಕೆಲಸಕ್ಕೆ ಸೇರಿದ್ದು ಆ ದಿನಗಳಲ್ಲೇ. ಆಗ ನನ್ನ ಸೊಂಟದೆತ್ತರ ಇದ್ದ ಗಿಡದ ಕೊಂಬೆ ಈಗ ಬಸ್ಸಿನ ಚಾವಣಿ ಕೆರೆಯುತ್ತದೆ.

ಇನ್ನೊಂದು. ಕಬ್ಬನ್ ಪಾರ್ಕಿನಲ್ಲಿ ದೊಡ್ಡ ಛತ್ರಿಯಂಥ ಮಳೆಮರಗಳಿವೆ. ಸಂಜೆಯಾದರೆ ಅದರ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಮೋಡ ಮುಚ್ಚಿದರೂ ಅಷ್ಟೇ. ಒಂದು ದಿನ ಐದೂವರೆಗೆ ಹೋಗಿ ಅದರ ಕೆಳಗೆ ಕಡಲೆಕಾಯಿ ತಿನ್ನುತ್ತಾ ಕೂತಿರಿ. ಕತ್ತಲಾಗುವ ಹೊತ್ತಿಗೆ ಮಧ್ಯಾಹ್ನ ಕಾಣದಿದ್ದ ಆಕಾಶ ಎಲೆಗಳ ನಡುವೆ ಕಾಣುತ್ತದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಂದು ಕೋಗಿಲೆ ಬೆಳಗಿನ ಜಾವ ನಾಲ್ಕಕ್ಕೇ ಶುರು ಮಾಡುತ್ತದೆ. ಇದನ್ನು ಸುಮ್ಮನಿರಿಸುವುದು ಹೇಗೆ?

ತಾಯಿ, ಅದಕ್ಕೆ ಹೆಣ್ಣು ಹುಡುಕಿಕೊಡಿ. ಹಾಗೆ ಕೂಗುವುದು ಗಂಡು. ಕಪ್ಪಗೆ, ಕೆಂಪು ಕಣ್ಣು. ಹೆಣ್ಣು ಕಂದು ಮೈಯ ಚುಕ್ಕಿ ಚುಕ್ಕಿ ಹಕ್ಕಿ, ಅದರ ಗಂಟಲು ನಮ್ಮ ಹಳೇ ಬ್ರೇಕಿನ ಹಾಗೆ. ಇಷ್ಟೆಲ್ಲ ಹಾಡಿ ಮದುವೆಯಾದ ಮೇಲೆ ಮೊಟ್ಟೆ ಇಡುವುದು ಕಾಗೆ ಗೂಡಿನಲ್ಲಿ. ಸಾಕುವ ಕೆಲಸ ಕಾಗೆಗೆ.

ಫಸ್ಟ್ ಶಿಫ್ಟ್ ಇದ್ದಾಗ ನಾನು ನಾಲ್ಕಕ್ಕೆ ಏಳಬೇಕಿತ್ತು. ಫೆಬ್ರವರಿಯಿಂದ ಮಳೆಗಾಲದವರೆಗೂ ಅಲಾರಂ ಇಡುತ್ತಿರಲಿಲ್ಲ. ಹಾಗಾಗಿ ನಾನು ಆ ಕೋಗಿಲೆ ಪಕ್ಷ. ಕ್ಷಮಿಸಿ.

ಪ್ರಶ್ನೆ: ಬೈಟು ಕಾಫಿ ಕುಡಿಯುವವರು ಜಿಪುಣರು ಅಂತ ನನ್ನ ಹೆಂಡತಿ ಹೇಳುತ್ತಾಳೆ. ನೀವೇನಂತೀರಿ?

ನಿಮ್ಮ ಹೆಂಡತಿ ಹತ್ತಿರ ವಾದ ಮಾಡಬೇಡಿ. ನನ್ನ ಹತ್ತಿರ ಬನ್ನಿ, ಬೈಟು ಹೇಳೋಣ.

ಜಿಪುಣತನ ಆಗಿದ್ದರೆ ಒಂದು ಅರ್ಧ ಕುಡಿದು ನಿಲ್ಲಿಸಬೇಕು. ನಾವು ಹತ್ತೂವರೆಗೆ ಅರ್ಧ, ಹನ್ನೆರಡಕ್ಕೆ ಅರ್ಧ, ನಾಲ್ಕಕ್ಕೆ ಅರ್ಧ ಕುಡಿಯುವವರು. ಒಟ್ಟು ಲೆಕ್ಕ ಮಾಡಿದರೆ ಹೋಟೆಲಿನವನಿಗೇ ಲಾಭ. 1980ರ ದಶಕದಲ್ಲಿ ದರ್ಶಿನಿಗಳು ಶುರುವಾದವಲ್ಲ, ನಿಂತುಕೊಂಡೇ ತಿನ್ನುವ ಹೋಟೆಲುಗಳು, ಅವು ನಮ್ಮಂಥವರಿಗೆ ವರ ಆದವು. ಬಸ್ ಟರ್ಮಿನಸ್‌ನಲ್ಲಿ ಸಿಗುವುದು ಹತ್ತು ನಿಮಿಷ. ಕೂತು, ಸಪ್ಲೈಯರ್ ಬಂದು, ಬಿಲ್ಲು ಬಂದು ಅಂದರೆ ಬಸ್ಸೇ ಹೋಗಿರುತ್ತದೆ. ದರ್ಶಿನಿಯಲ್ಲಿ ಟೋಕನ್ ಕೊಟ್ಟ ಕೂಡಲೇ ಕಾಫಿ. ಡ್ರೈವರ್ ಒಂದು ಲೋಟ, ನಾನು ಒಂದು ಲೋಟ. ಯಾರ ಲೋಟಕ್ಕೆ ನೊರೆ ಜಾಸ್ತಿ ಬಂತು ಅಂತ ದಿನಾ ಜಗಳ. ಜೊತೆಗೆ ಕುಡಿಯಲು ಇನ್ನೊಬ್ಬರು ಇದ್ದರೆ ಮಾತ್ರ ಬೈಟು ಹೇಳಲು ಆಗುವುದು. ಇದನ್ನು ಬೇಕಾದರೆ ಮನೆಯಲ್ಲಿ ಹೇಳಿ ನೋಡಿ.

ಪ್ರಶ್ನೆ: ಒಂಬತ್ತನೇ ಮಹಡಿಗೆ ಬಂದ ಮೇಲೆ ಕಾಲ ಯಾವುದು ಅಂತಲೇ ಗೊತ್ತಾಗುತ್ತಿಲ್ಲ. ನಿಮಗೆ ಹೇಗೆ ಗೊತ್ತಾಗುತ್ತದೆ?

ಮೂಗಿನಿಂದ ಅಮ್ಮ. ಡಿಸೆಂಬರ್‌ನಲ್ಲಿ ಕೆ.ಆರ್. ಮಾರ್ಕೆಟ್ ಸ್ಟಾಪಿನಲ್ಲಿ ಯಾರಾದರೂ ಅವರೆಕಾಯಿ ಮೂಟೆ ಹತ್ತಿಸಿದರೆ, ಮುಂದಿನ ಸೀಟಿನ ಹೆಂಗಸರು ಹಿಂದಕ್ಕೆ ತಿರುಗುತ್ತಿದ್ದರು. ಲಗೇಜ್ ಚಾರ್ಜ್ ಮೂಟೆಗೆ, ಸೊಗಡು ಎಲ್ಲರಿಗೂ ಫ್ರೀ. "ಎಷ್ಟು ಹೇಳಿದರು ಕೆಜಿಗೆ?" ಅಂತ ಒಬ್ಬರು ಕೇಳಿದರೆ ಸಾಕು. ಸಜ್ಜನ್ ರಾವ್ ಸರ್ಕಲ್ ಬರುವಷ್ಟರಲ್ಲಿ ಇಡೀ ಬಸ್ಸು ಹಿತಕಿದ ಬೇಳೆ ಸಾರಿನ ಮಾತಾಡುತ್ತಿತ್ತು. ಕಾಳನ್ನು ನೀರಲ್ಲಿ ನೆನೆಸಿ, ಸಂಜೆ ಟಿವಿ ಮುಂದೆ ಕೂತು ಒಂದೊಂದೇ ಹಿತುಕುವುದು. ಬೆರಳ ಸಂದಿಯಿಂದ ಕಾಳು ಚಂಗನೆ ಹಾರಿ ಸೋಫಾ ಕೆಳಗೆ ಹೋಗುವುದು. ಒಂಬತ್ತನೇ ಮಹಡಿಯಲ್ಲೂ ಇದಕ್ಕೆ ಅಡ್ಡಿಯಿಲ್ಲ.

ಇನ್ನು ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣ ಹಿಂದೆ ಕಡಲೆಕಾಯಿ ಹೊಲ ಮೇಯುತ್ತಿದ್ದನಂತೆ, ಅದಕ್ಕೇ ಮೊದಲ ಫಸಲು ಅವನಿಗೆ ಅಂತ ರೈತರು ಹರಕೆ ಹೊತ್ತರಂತೆ. ಆ ವಾರ ಬಸ್ಸಿನೊಳಗೆ ಎಲ್ಲಿ ಕಾಲಿಟ್ಟರೂ ಸಿಪ್ಪೆ ಚರಚರ. ಕಣ್ಣು ಮುಚ್ಚಿಕೊಂಡಿದ್ದರೂ ಯಾರು ಬಾಗಿಲ ಕಡೆ ಹೊರಟರು ಅಂತ ಗೊತ್ತಾಗುತ್ತಿತ್ತು. ಡಿಪೋದಲ್ಲಿ ಬಸ್ ಗುಡಿಸುವಾಕೆ ಬೈಯುತ್ತಿದ್ದಳು. ನಾನು ಜೇಬಿನಿಂದ ಒಂದು ಹಿಡಿ ಕೊಟ್ಟರೆ ಬೈಯುತ್ತಲೇ ತಿನ್ನುತ್ತಿದ್ದಳು.

ಪ್ರಶ್ನೆ: ಏಪ್ರಿಲ್‌ನಲ್ಲಿ ಒಂದು ದಿನ ಬೆಂಗಳೂರಿನಲ್ಲಿ ನೆರಳೇ ಇರುವುದಿಲ್ಲವಂತೆ. ನಿಜಾನಾ ತಾತ? (6ನೇ ಕ್ಲಾಸು, ರಾಜಾಜಿನಗರ)

ನಿಜ ಮಗು. ಏಪ್ರಿಲ್ 24ರ ಸುಮಾರಿಗೆ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡ ಜಾಸ್ತಿ, ನಂಬಬೇಡ. ಏಪ್ರಿಲ್‌ನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಟೆರೇಸಿಗೆ ಹೋಗು. ಹನ್ನೆರಡಕ್ಕೇ ಯಾಕಲ್ಲ ಅಂದರೆ, ನಮ್ಮ ದೇಶದ ಗಡಿಯಾರ ಇಟ್ಟಿರುವುದು ಪ್ರಯಾಗರಾಜ್ ಕಡೆಯ ಲೆಕ್ಕಕ್ಕೆ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಸೂರ್ಯನೂ ಇಲ್ಲಿಗೆ ಸ್ವಲ್ಪ ಲೇಟಾಗಿ ಬರುತ್ತಾನೆ.

ಹೋದ ವರ್ಷ ನಾನು, ನನ್ನ ಮೊಮ್ಮಗಳು ಸ್ಟೀಲ್ ಲೋಟ ಬೋರಲು ಹಾಕಿ ಕಾದೆವು. ನೆರಳು ಕುಗ್ಗಿ ಕುಗ್ಗಿ ಲೋಟದ ಅಡಿಗೇ ಹೋಯಿತು. ಅವಳು ಕುಣಿದಳು. ನಾನು ಚಪ್ಪಲಿ ಹಾಕಿಕೊಂಡಿರಲಿಲ್ಲ, ಹಾಗಾಗಿ ನಾನೂ ಕುಣಿದೆ.

ಪ್ರಶ್ನೆ: ಹಳೇ ಪುಸ್ತಕ ಝಾಡಿಸುವಾಗ ಒಂದು ಬಸ್ ಟಿಕೆಟ್ ಸಿಕ್ಕಿತು. ಹಿಂದೆ ಪೆನ್ನಿನಲ್ಲಿ '8' ಅಂತ ಬರೆದು ಸುತ್ತ ಗೆರೆ ಎಳೆದಿದೆ. ಅಂದರೆ ನನಗೆ 8 ರೂಪಾಯಿ ಚಿಲ್ಲರೆ ಬರಬೇಕು. ಯಾರನ್ನು ಕೇಳಲಿ?

ಅಯ್ಯೋ. ಇದಕ್ಕೇ ಈ ಕಾಲಂ ಬೇಡ ಅಂದಿದ್ದೆ.

ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಎಲ್ಲರೂ ನೂರರ ನೋಟೇ ಕೊಡುವುದು. ಚೀಲದಲ್ಲಿ ಚಿಲ್ಲರೆ ಇರುವುದಿಲ್ಲ. ಟಿಕೆಟ್ ಹಿಂದೆ ಬರೆದುಕೊಟ್ಟು "ಇಳಿಯುವಾಗ ಇಸ್ಕೊಳ್ಳಿ" ಅನ್ನುತ್ತೇವೆ. ಇಳಿಯುವಾಗ ನೀವು ಮರೆಯುತ್ತೀರಿ, ಒಮ್ಮೊಮ್ಮೆ ನಾವೂ ಮರೆಯುತ್ತೇವೆ. ಮರೆತ ಹಾಗೆ ನಟಿಸುತ್ತಾರೆ ಅಂತ ಜನ ಅನ್ನುತ್ತಾರೆ. ಚೆಕಿಂಗ್‌ನವರು ಹತ್ತಿದರೆ ಚೀಲದಲ್ಲಿ ದುಡ್ಡು ಕಮ್ಮಿ ಇದ್ದರೂ ತೊಂದರೆ, ಜಾಸ್ತಿ ಇದ್ದರೂ ತೊಂದರೆ. ನಟಿಸಿ ನಮಗೇನು ಬರಬೇಕು?

ನನ್ನ ಬಸ್ಸಿಗೆ ದಿನಾ ಹತ್ತುತ್ತಿದ್ದ ಒಬ್ಬ ಹಿರಿಯರಿದ್ದರು. ಚಿಲ್ಲರೆ ಕೊಡಲು ಹೋದರೆ "ಇಟ್ಕೊಳ್ಳಪ್ಪ, ಶನಿವಾರ ಒಟ್ಟಿಗೆ ಕೊಡು" ಅನ್ನುವರು. ಸೋಮವಾರದಿಂದ ಟಿಕೆಟ್‌ಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿರುವರು. ಶನಿವಾರ ಲೆಕ್ಕ ಮಾಡಿ ಇಸಿದುಕೊಂಡು ಗಾಂಧಿ ಬಜಾರಿನಲ್ಲಿ ಇಳಿದು ಮೊಮ್ಮಗನಿಗೆ ಕಡಲೆ ಮಿಠಾಯಿ ಒಯ್ಯುವರು. ಅವರ ಪಾಲಿಗೆ ನನ್ನ ಚೀಲವೇ ಉಳಿತಾಯ ಖಾತೆ. ಬಡ್ಡಿ ಅಂತ ಒಂದು ತುಂಡು ಮಿಠಾಯಿ ಸೋಮವಾರ ನನಗೆ ಬರುತ್ತಿತ್ತು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಆ 8 ಹೇಗಿದೆ ನೋಡಿ. ಎರಡು ಸೊನ್ನೆ ಒಂದರ ಮೇಲೊಂದು ಇಟ್ಟ ಹಾಗಿದೆಯಾ? ಹಾಗಿದ್ದರೆ ಅದು ನನ್ನ ಕೈಬರಹ. ಟಿಕೆಟ್ ತೆಗೆದುಕೊಂಡು ಹನುಮಂತನಗರಕ್ಕೆ ಬನ್ನಿ, 8 ರೂಪಾಯಿ ಎಣಿಸಿ ಕೊಡುತ್ತೇನೆ. ಕಾಫಿ ಬೈಟು ಹೇಳೋಣ. ದುಡ್ಡು ನೀವು ಕೊಡಿ, ಚಿಲ್ಲರೆ ಇದ್ದರೆ ಒಳ್ಳೆಯದು.